‘ಹ್ಯಾಸ್ ಬಿಕಮ್ ಹಾಟರ್’ ಸರಿಯೋ, ‘ಮೋರ್ ಹಾಟರ್’ ಸರಿಯೋ?

‘ಮೈಸೂರಲ್ಲಿ ಮೊದಲಿಗಿಂತ ಸೆಕೆ ಜಾಸ್ತಿಯಾಗಿದೆ’ ಅನ್ನಲು ‘ಮೈಸೂರು ಹ್ಯಾಸ್ ಬಿಕಮ್ ಹಾಟರ್’ ಅಂದರೆ ಸಾಕು. ನಮ್ಮ ‘ಆಗಿದೆ’ಯೇ ಅಲ್ಲಿನ ‘ಹ್ಯಾಸ್ ಬಿಕಮ್’. ಬದಲಾವಣೆ ಹಿಂದೆ ಶುರುವಾಗಿದೆ, ಅದರ ಬಿಸಿ ಈಗ ತಟ್ಟುತ್ತಿದೆ. ಸುಮ್ನೆ ‘ಈಸ್ ಹಾಟರ್’ ಅಂದರೆ ಬರೀ ಹೋಲಿಕೆ: ‘ಮಂಡ್ಯ ಈಸ್ ಹಾಟರ್ ದ್ಯಾನ್ ಮಡಿಕೇರಿ’.

ನಾವು ಎಡವುವುದು ‘ಮೋರ್ ಹಾಟರ್’ನಲ್ಲಿ. ಕನ್ನಡದ ‘ಜಾಸ್ತಿ’ ನಾಲಿಗೆ ಮೇಲೆ ಕೂತಿರುತ್ತದೆ, ಅಲ್ವಾ? ಅದೇ ‘ಮೋರ್’ ಆಗಿ ಹೊರಬರುತ್ತದೆ. ಆದರೆ ‘ಹಾಟರ್’ನ ಬಾಲದಲ್ಲೇ, ಅಂದರೆ ಕೊನೆಯ ‘ಅರ್’ನಲ್ಲೇ, ಆ ‘ಜಾಸ್ತಿ’ ಇದೆ. ‘ಎಕ್ಸ್‌ಪೆನ್ಸಿವ್’ನಂಥ ಉದ್ದದ ಪದಕ್ಕೆ ಬಾಲ ಹತ್ತುವುದಿಲ್ಲ, ಅಲ್ಲಿ ‘ಮೋರ್’ ಬೇಕೇ ಬೇಕು.

ಇಸವಿ ಬಂದರೆ ಜೋಪಾನ. ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದದ್ದು 2023ರಲ್ಲಿ. ಬೆಂಗಳೂರು ಪ್ರಯಾಣ ‘ಬಿಕೇಮ್ ಫಾಸ್ಟರ್ ಇನ್ 2023’, ಇಲ್ಲವೇ ‘ಹ್ಯಾಸ್ ಬಿಕಮ್ ಫಾಸ್ಟರ್ ಸಿನ್ಸ್ 2023’. ‘ಹ್ಯಾಸ್ ಬಿಕಮ್’ ಜೊತೆ ‘ಇನ್ 2023’ ಮಾತ್ರ ಹೊಂದುವುದಿಲ್ಲ.