ಶೆಡ್ಡಿನಲ್ಲಿ ಕೂತ ಔಟ್‌ಬೋರ್ಡ್ ಎಂಜಿನ್ ಸ್ಟಾರ್ಟ್ ಆಗದಿದ್ದರೆ

ನಿಮ್ಮ ದೋಣಿಯ ಎಂಜಿನ್ನಿನ ಕಾರ್ಬುರೇಟರಿನಲ್ಲಿ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಕಟ್ಟಿಕೊಂಡಿರಬೇಕು. ಐದು ವರ್ಷ ಶೆಡ್ಡಿನಲ್ಲಿದ್ದ ಟೂ ಸ್ಟ್ರೋಕ್ ಎಂಜಿನ್, ಹಗ್ಗ ಎಳೆದರೆ ಒಂದು ಸಲ ಕೆಮ್ಮಿ ನಿಲ್ಲುತ್ತದೆ ಅಂದಿರಲ್ಲ, ಹಳೇ ಪೆಟ್ರೋಲ್ ಅಂಟಾದರೆ ಹೀಗೇ ಆಗುವುದು.

ಸದ್ಯ ಸುಮ್ನೆ ಹಗ್ಗ ಎಳೆಯಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒಂದು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಮೆಲ್ಲ ಎಳೆದು ನೋಡಿ. ಹಿಡಿದುಕೊಂಡರೆ ಜೋರು ಮಾಡಬೇಡಿ, ಇನ್ನೊಂದು ದಿನ ನೆನೆಯಲಿ.

ಆಮೇಲೆ ಟ್ಯಾಂಕ್ ಖಾಲಿ ಮಾಡಿ ಕಾರ್ಬುರೇಟರ್ ಬಿಚ್ಚಿ. ಅದರೊಳಗೆ ಪೆಟ್ರೋಲ್ ನಿಲ್ಲುವ ಬೌಲಿನ ತಳದಲ್ಲಿ ಬೆಲ್ಲದ ಪಾಕದಂಥ ಕಂದು ಅಂಟು ಕಾಣಬಹುದು. ಜೆಟ್ಟಿಗೆ ಕಾರ್ಬ್ ಕ್ಲೀನರ್ ಹೊಡೆದು ಬೆಳಕಿಗೆ ಹಿಡಿಯಿರಿ, ತೂತು ದುಂಡಗೆ ಕಾಣಬೇಕು. ಸೂಜಿ ಮಾತ್ರ ಹಾಕಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಜೆಟ್ ಹೋಯಿತು.

ಹೊಸ ಪ್ಲಗ್, ಹೊಸ ಪೆಟ್ರೋಲ್ ಹಾಕಿ. ಸಾಮಾನ್ಯವಾಗಿ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಟೂ ಸ್ಟ್ರೋಕ್ ಆಯಿಲ್ ಬೆರೆಸಿದರೆ ಸಾಕು. ತುಂಬ ಹಳೇ ಮಾಡೆಲ್ಲಾದರೆ ಜಾಸ್ತಿ ಬೇಕಾಗಬಹುದು, ಎಂಜಿನ್ ಮೇಲಿನ ಲೇಬಲ್ ನೋಡಿ. ಎಂಜಿನ್ ತಣ್ಣಗಿಡುವ ವಾಟರ್ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ಚಕ್ರ) ಬದಲಿಸಿಯೇ ಬಿಡಿ, ಅಷ್ಟು ವರ್ಷ ಕೂತ ರಬ್ಬರ್ ನಂಬಬಾರದು.

ಚಂದ್ರಗಿರಿ ಹೊಳೆಗೆ ಇಳಿಸುವ ಮೊದಲು ಡ್ರಮ್ಮಿನಲ್ಲಿ ಓಡಿಸಿ. ಪ್ರೊಪೆಲ್ಲರಿನ ಮೇಲಿನ ತಟ್ಟೆ ಮುಳುಗುವಷ್ಟು ನೀರಿರಲಿ. ಹಿಂದಿನ ಸಣ್ಣ ತೂತಿನಿಂದ ನೀರು ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಿ.

ಪ್ಲಗ್ಗಿನಲ್ಲಿ ಕಿಡಿ ಬರುತ್ತದೋ ಇಲ್ಲವೋ ನೀವು ಬರೆದಿಲ್ಲ. ಬರದಿದ್ದರೆ ತೊಂದರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್‌ನದ್ದೂ ಇರಬಹುದು, ಅದನ್ನು ಬಂದರಿನ ಮೆಕ್ಯಾನಿಕ್‌ಗೆ ತೋರಿಸಿ.