ಹಳಿ ಯಾವ ಕಡೆಗೆ ಹೋಗಿದೆ ಅಂತ ಮೊದಲು ನೋಡಿ

ಆಫ್ರಿಕಾದ ಗಣಿ ದೇಶಗಳಲ್ಲಿ ಚೀನಾ ಮತ್ತು ಅಮೆರಿಕ ಪೈಪೋಟಿಗೆ ಬಿದ್ದು ರೈಲು, ಬಂದರುಗಳಿಗೆ ಹಣ ಹಾಕುತ್ತಿವೆ, ಇದರಿಂದ ಆ ದೇಶಗಳು ನಿಜವಾಗಿ ಉದ್ಧಾರ ಆಗುತ್ತವಾ ಅಂತ ಕೇಳಿದ್ದೀರಿ.

ಬರೀ ಹಳಿಯಿಂದ ಆಗೋದಿಲ್ಲ. ಹಳಿ ಬೇಕೇ ಬೇಕು, ಆದರೆ ಅದರ ಮೇಲೆ ಸಾಗುವ ಸರಕಿನ ಒಪ್ಪಂದವನ್ನು ಯಾರು, ಎಂಥ ಕಷ್ಟದಲ್ಲಿದ್ದಾಗ ಬರೆದುಕೊಟ್ಟರು ಅನ್ನೋದರ ಮೇಲೆ ಉಳಿದದ್ದೆಲ್ಲ ನಿಂತಿದೆ. ನನಗೆ ಇದು ಅರ್ಥವಾಗಿದ್ದು ಜಾಂಬಿಯಾದ ಇತಿಹಾಸ ಓದಿದ ಮೇಲೆ. ಅದನ್ನೇ ಹೇಳುತ್ತೇನೆ.

ನಕ್ಷೆ ತೆಗೆದು ನೋಡಿ. ಜಾಂಬಿಯಾಕ್ಕೆ ಸಮುದ್ರವೇ ಇಲ್ಲ. ನೆಲದಡಿ ರಾಶಿ ರಾಶಿ ತಾಮ್ರ ಇದೆ, ಆದರೆ ಅದು ಹಡಗು ಹತ್ತಬೇಕಾದರೆ ಬೇರೆಯವರ ನೆಲ ದಾಟಲೇಬೇಕು. 1964ರಲ್ಲಿ ಸ್ವಾತಂತ್ರ್ಯ ಬಂದಾಗ ಮುಖ್ಯ ದಾರಿ ಇದ್ದದ್ದು ದಕ್ಷಿಣಕ್ಕೆ, ರೊಡೇಷಿಯಾ ಮೂಲಕ. ಅದೇ ಇಂದಿನ ಜಿಂಬಾಬ್ವೆ. ಮರುವರ್ಷ ಅಲ್ಲಿನ ಬಿಳಿಯರ ಸರ್ಕಾರ, ನಾವು ಬ್ರಿಟನ್‌ನಿಂದ ಬೇರೆಯಾಗಿದ್ದೇವೆ ಅಂತ ತಾನೇ ಘೋಷಿಸಿಕೊಂಡಿತು. ಆ ಸರ್ಕಾರವನ್ನು ಕಟ್ಟಾಗಿ ವಿರೋಧಿಸುತ್ತಿದ್ದ ಜಾಂಬಿಯಾ ಅಧ್ಯಕ್ಷ ಕೆನೆತ್ ಕೌಂಡಾ ಅವರ ದೇಶದ ಜುಟ್ಟು ಅದೇ ಸರ್ಕಾರದ ಕೈಯಲ್ಲಿತ್ತು.

ಹಾಗಾಗಿ ಕೌಂಡಾ ಮತ್ತು ತಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೆರೆ, ಪೂರ್ವದ ದಾರ್ ಎಸ್ ಸಲಾಮ್ ಬಂದರಿಗೆ ಹೊಸ ಹಳಿ ಬೇಕು ಅಂದರು. ವಿಶ್ವ ಬ್ಯಾಂಕ್ ಲೆಕ್ಕ ಹಾಕಿ, ಗಿಟ್ಟೋದಿಲ್ಲ ಅಂದಿತು. ಪಶ್ಚಿಮದ ದೇಶಗಳೂ ಹಣ ಬಿಚ್ಚಲಿಲ್ಲ. ಕೊಟ್ಟದ್ದು ಚೀನಾ, ಅದೂ ಬಡ್ಡಿಯಿಲ್ಲದ ಸಾಲ. ಆಗ ಚೀನಾ ಕೂಡ ಬಡ ದೇಶವೇ. 1970ರಲ್ಲಿ ಶುರುವಾದ 1,860 ಕಿಲೋಮೀಟರ್ ಹಳಿ 1975ರ ಹೊತ್ತಿಗೆ ಮುಗಿದೇ ಹೋಯಿತು. ಕಾಡು, ಕಣಿವೆ, ಸುರಂಗಗಳ ಆ ಕೆಲಸದಲ್ಲಿ ಅರುವತ್ತಕ್ಕೂ ಹೆಚ್ಚು ಚೀನೀಯರೇ ಪ್ರಾಣ ಬಿಟ್ಟರು. ಇದೇ ಟಜಾರಾ ರೈಲು. ಅದು ಮುಂದೆ ನಷ್ಟದಲ್ಲಿ ನಡೆಯಿತು, ನಿಜ. ಆದರೂ ವಿಶ್ವ ಬ್ಯಾಂಕ್ ಹೇಳಿದ್ದೇ ಸರಿ ಅಂತ ನಾನು ಒಪ್ಪೋದಿಲ್ಲ. ಕತ್ತಿನ ಮೇಲಿನ ಹಿಡಿತ ಬಿಡಿಸಿಕೊಳ್ಳೋದಕ್ಕೂ ಒಂದು ಬೆಲೆ ಇದೆ ಅಲ್ವಾ?

ಪಶ್ಚಿಮಕ್ಕೂ ಒಂದು ಹಳಿ ಇತ್ತು, ಅಂಗೋಲಾದ ಲೊಬಿಟೊ ಬಂದರಿಗೆ ಹೋಗುವ ಬೆಂಗೆಲಾ ರೈಲು. ವಸಾಹತು ಕಾಲದಲ್ಲಿ ಕಾಂಗೋದ ಕಟಾಂಗಾ ತಾಮ್ರಕ್ಕಾಗಿ ಹಾಕಿದ್ದು. ಎಂಜಿನ್ ಉರಿಸೋಕೆ ಸೌದೆ ಬೇಕಲ್ಲ, ಅದಕ್ಕೆ ದಾರಿಯುದ್ದಕ್ಕೂ ನೀಲಗಿರಿ ತೋಪು ಬೆಳೆಸಿದ್ದರು. 1975ರಲ್ಲಿ ಅಂಗೋಲಾದ ಅಂತರ್ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಅದೇ ಹೊತ್ತಿಗೆ ತಾಮ್ರದ ಬೆಲೆಯೂ ನೆಲಕಚ್ಚಿತು. ಬೆಲೆ ಕಟ್ಟೋದು ಲಂಡನ್‌ನ ಲೋಹ ಮಾರುಕಟ್ಟೆಯಲ್ಲಿ. ಅಗೆಯುವವರ ಮಾತು ಅಲ್ಲಿ ನಡೆಯೋದಿಲ್ಲ. ಜಾಂಬಿಯಾ ಸಾಲಕ್ಕೆ ಬಿತ್ತು.

ಮುಂದಿನದ್ದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟ ಆಯಿತು. 1990ರ ದಶಕದ ಕೊನೆಯಲ್ಲಿ, ಸಾಲ ಕೊಟ್ಟವರ ಒತ್ತಡಕ್ಕೆ ಜಾಂಬಿಯಾ ತನ್ನ ಗಣಿಗಳನ್ನು ಖಾಸಗಿಯವರಿಗೆ ಮಾರಿತು. ಆಗ ತಾಮ್ರ ಟನ್ನಿಗೆ 1,500 ಡಾಲರ್ ಆಸುಪಾಸು. ಕೊಳ್ಳುವವರು ಬಂದರೆ ಸಾಕು ಅನ್ನುವ ಸ್ಥಿತಿ. ಒಪ್ಪಂದಗಳಲ್ಲಿ ರಾಯಧನ, ಅಂದರೆ ಅಗೆದ ಅದಿರಿಗೆ ಕಂಪನಿ ಸರ್ಕಾರಕ್ಕೆ ಕೊಡುವ ಪಾಲು, ಎಷ್ಟು ಗೊತ್ತಾ? ಶೇಕಡ 0.6. ಅಂದರೆ ಸಾವಿರ ಡಾಲರ್ ತಾಮ್ರ ಹೊರಗೆ ಹೋದರೆ ರಾಯಧನ ಆರು ಡಾಲರ್. ಸಾಲದ್ದಕ್ಕೆ, ತೆರಿಗೆಯನ್ನು ವರ್ಷಗಟ್ಟಲೆ ಮುಟ್ಟುವಂತಿಲ್ಲ ಅನ್ನುವ ಷರತ್ತು ಬೇರೆ. ಆಮೇಲೆ ಚೀನಾದ ಬೇಡಿಕೆ ಏರಿ, 2006ರಲ್ಲಿ ಬೆಲೆ 8,000 ಡಾಲರ್ ದಾಟಿತು. ಒಪ್ಪಂದ ಮಾತ್ರ ಹಾಗೇ ಇತ್ತು. 2008ರಲ್ಲಿ ಸರ್ಕಾರ ಧೈರ್ಯ ಮಾಡಿ ಅದನ್ನು ಮುರಿದು, ದಿಢೀರ್ ಲಾಭದ ಮೇಲೆ ತೆರಿಗೆ ಹಾಕಿತು. ಅದೇ ವರ್ಷ ಜಗತ್ತಿನ ಬ್ಯಾಂಕುಗಳು ಕುಸಿದವು, ತಾಮ್ರವೂ ಕುಸಿಯಿತು. ಮರುವರ್ಷ ಆ ತೆರಿಗೆ ವಾಪಸ್.

ಆ ನಂತರ 2012ರಿಂದ 2015ರೊಳಗೆ ಜಾಂಬಿಯಾ ಸರ್ಕಾರ ಮೂರು ಸಲ ಬಾಂಡ್, ಅಂದರೆ ಸಾಲಪತ್ರ, ಮಾರಿ 300 ಕೋಟಿ ಡಾಲರ್ ಎತ್ತಿತು. ಚೀನಾದಿಂದಲೂ ದೊಡ್ಡ ಸಾಲ ಬಂತು. 2020ರ ನವೆಂಬರ್‌ನಲ್ಲಿ ಬಡ್ಡಿ ಕಂತು ಕಟ್ಟಲಾಗಲಿಲ್ಲ. ಹಾಗಾಗಿ "ಎಲ್ಲಾ ಚೀನಾ ಸಾಲದ ಬಲೆ" ಅಂತ ಸುಮ್ನೆ ಹೇಳಿಬಿಡೋದು ತಪ್ಪು. ಬಾಂಡ್ ಕೊಂಡವರೂ ಆ ಲೆಕ್ಕದಲ್ಲಿದ್ದಾರೆ.

ಈಗ ನಿಮ್ಮ ಪೈಪೋಟಿಗೆ ಬರೋಣ. ಯುದ್ಧದಲ್ಲಿ ಹಾಳಾಗಿದ್ದ ಬೆಂಗೆಲಾ ಹಳಿಯನ್ನು ಮತ್ತೆ ಕಟ್ಟಿದ್ದು ಚೀನಾದ ಕಂಪನಿ. 2023ರಲ್ಲಿ ಅದನ್ನು 30 ವರ್ಷ ನಡೆಸುವ ಹಕ್ಕು ಸಿಕ್ಕಿದ್ದು ಯುರೋಪಿನ ಕಂಪನಿಗಳ ಗುಂಪಿಗೆ. ಅದರ ಬೆನ್ನಿಗೆ ಅಮೆರಿಕದ 55.3 ಕೋಟಿ ಡಾಲರ್ ಸಾಲ ನಿಂತಿದೆ. 2024ರ ಡಿಸೆಂಬರ್‌ನಲ್ಲಿ ಜೋ ಬೈಡನ್ ತಾವೇ ಲೊಬಿಟೊಗೆ ಹೋಗಿದ್ದರು. ಇತ್ತ 2025ರಲ್ಲಿ ಚೀನಾ 140 ಕೋಟಿ ಡಾಲರ್ ಹಾಕಿ ಟಜಾರಾವನ್ನು ರಿಪೇರಿ ಮಾಡಿ ನಡೆಸುವ ಒಪ್ಪಂದಕ್ಕೆ ಸಹಿ ಹಾಕಿತು. ಅದೂ 30 ವರ್ಷದ್ದು.

ಲೊಬಿಟೊ ರೈಲಿನಲ್ಲಿ ಏನು ಹೋಗುತ್ತದೆ, ಏನು ಬರುತ್ತದೆ ನೋಡಿ. ಬಂದರಿನಿಂದ ಕಾಂಗೋ ಕಡೆಗೆ ಹಳದಿ ಗಂಧಕ ಹೋಗುತ್ತದೆ. ಅದನ್ನು ಸುಟ್ಟು ಆಸಿಡ್ ಮಾಡಿ, ಆ ಆಸಿಡ್‌ನಿಂದ ಅದಿರಿನೊಳಗಿನ ತಾಮ್ರ ಬಿಡಿಸುತ್ತಾರೆ. ವಾಪಸ್ ಬರುವಾಗ ತಾಮ್ರ. ಎರಡೂ ಗಣಿಯ ಸರಕೇ. ನಡುವಿನ ಊರುಗಳ ಜೋಳ, ಸಿಮೆಂಟ್, ಜನ ಆ ಹಳಿಯ ಮೇಲೆ ಎಷ್ಟು ಓಡಾಡುತ್ತಾರೆ ಅನ್ನೋದು ನನ್ನ ಮೊದಲ ಅಳತೆಗೋಲು.

ಎರಡನೆಯದು, ಅದಿರು ಯಾವ ರೂಪದಲ್ಲಿ ಹೊರಗೆ ಹೋಗುತ್ತದೆ ಅನ್ನೋದು. 2020ರಲ್ಲಿ ಇಂಡೋನೇಷ್ಯಾ ಕಚ್ಚಾ ನಿಕಲ್ ಅದಿರಿನ ರಫ್ತು ನಿಲ್ಲಿಸಿತು, ಬೇಕಾದರೆ ಇಲ್ಲೇ ಕರಗಿಸಿ ಅಂದಿತು. ಚೀನೀ ಹಣದಲ್ಲೇ ಕುಲುಮೆಗಳು ಎದ್ದವು. ಕಲ್ಲಿದ್ದಲ ಹೊಗೆ ಜಾಸ್ತಿಯಾಯಿತು, ಅದನ್ನು ಮುಚ್ಚಿಡಬಾರದು. ಆದರೆ ಕೆಲಸ ದೇಶದೊಳಗೆ ಬಂತು.

ಆದ್ದರಿಂದ ಚೀನಾ ಒಳ್ಳೆಯದಾ, ಅಮೆರಿಕ ಒಳ್ಳೆಯದಾ ಅನ್ನೋದು ನನಗೆ ಅಷ್ಟು ದೊಡ್ಡ ಪ್ರಶ್ನೆ ಅನಿಸೋದಿಲ್ಲ. ಜಾಂಬಿಯಾ ಗಣಿ ಮಾರಲು ಕೂತಾಗ ಗಿರಾಕಿ ಸಿಗೋದೇ ಕಷ್ಟವಾಗಿತ್ತು. ಈಗ ಪೂರ್ವದಲ್ಲೊಬ್ಬ, ಪಶ್ಚಿಮದಲ್ಲೊಬ್ಬ ನಿಂತಿದ್ದಾನೆ. ಲೊಬಿಟೊ ಹಳಿಯನ್ನು ಜಾಂಬಿಯಾದೊಳಕ್ಕೆ ಎಳೆಯಲು ಸುಮಾರು 800 ಕಿಲೋಮೀಟರ್ ಹೊಸ ದಾರಿಯ ಯೋಜನೆಯೂ ಇದೆ. ಅದರ ಸುದ್ದಿ ಬಂದಾಗ ಎಷ್ಟು ಕಿಲೋಮೀಟರ್ ಅಂತ ನೋಡಬೇಡಿ. ಸರಕು ಸಾಗಣೆ ದರ ಯಾರು ನಿಗದಿ ಮಾಡುತ್ತಾರೆ, ತಾಮ್ರದ ಬೆಲೆ ಏರಿದರೆ ರಾಯಧನವೂ ಏರುತ್ತದಾ, ಒಪ್ಪಂದವನ್ನು ಜನರಿಗೆ ಓದಲು ಕೊಟ್ಟಿದ್ದಾರಾ ಅಂತ ಹುಡುಕಿ ನೋಡಿ.