ಬ್ಯಾಟರಿ ಕೊಟ್ಟ ಗುಟ್ಟಿನ ನಂಬರು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೈಯಲ್ಲಿ ಹಿಡಿದು ಆಡುವ ಹಳೇ ಗೇಮ್ ಯಂತ್ರಗಳ ಬಗ್ಗೆಯೇ ಇವೆ. ನಮ್ಮ ಕಡೆ ಬಿಸಿಲು ಏರಿತು ಅಂದರೆ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ, ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗೆ ಇಳಿಯುತ್ತದೆ. ಹಾಗೇ ಇವೂ ಇಳಿದಿರಬೇಕು.

ಪ್ರಶ್ನೆ: ಅಣ್ಣಾ, ನನ್ನ ಹತ್ತಿರ ಕಾಕಾ ಕೊಟ್ಟ ಸೋನಿ ಪಿಎಸ್‌ಪಿ ಇದೆ, 1000 ಮಾಡೆಲ್. ಹಳೇ ಬ್ಯಾಟರಿ ಉಬ್ಬಿತ್ತು ಅಂತ ಸೆಕೆಂಡ್ ಹ್ಯಾಂಡ್ ಬ್ಯಾಟರಿ ತರಿಸಿದೆ. ಅದನ್ನು ಒಳಗೆ ಕೂರಿಸಿದ ಕೂಡಲೇ, ಸ್ವಿಚ್ ಮುಟ್ಟದೆಯೇ ಹಸಿರು ದೀಪ ಹತ್ತುತ್ತದೆ. ಪರದೆ ಮಾತ್ರ ಕಪ್ಪು. ಬ್ಯಾಟರಿ ತೆಗೆದು ಬರೀ ಚಾರ್ಜರ್ ಮೇಲೆ ಇಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ. ರಿಪೇರಿಯವರು ಬೋರ್ಡ್ ಹೋಗಿದೆ ಅಂದರು. ನಿಜಾನಾ? (ಸಿಂಧನೂರಿನ ಪಿಯುಸಿ ವಿದ್ಯಾರ್ಥಿ)

ಉತ್ತರ: ಬೋರ್ಡ್ ಹೋಗಿದ್ದರೆ ಚಾರ್ಜರ್ ಮೇಲೆ ಹೇಗೆ ಓಡುತ್ತಿತ್ತು ತಮ್ಮಾ? ನಿಮ್ಮ ಪತ್ರ ಓದಿ ನನಗೆ ನಗು ಬಂತು, ಯಾಕೆಂದರೆ ನಿಮಗೆ ಸಿಕ್ಕಿರುವುದು ಬಹುಶಃ ಪಂಡೋರಾ ಬ್ಯಾಟರಿ. ಒಂದು ಕಾಲಕ್ಕೆ ಇದಕ್ಕಾಗಿ ಹುಡುಗರು ಊರೂರು ಅಲೆಯುತ್ತಿದ್ದರು.

ನಿಮ್ಮ ಊರಿನ ಅಕ್ಕಿ ಗಿರಣಿಯನ್ನೇ ತಗೊಳ್ಳಿ. ರಾತ್ರಿ ಪಾಳಿಯವನು ಮನೆಗೆ ಹೋಗುವಾಗ ಬೆಳಗಿನವನಿಗೆ ಒಂದು ಚೀಟಿ ಬರೆದಿಡುತ್ತಾನೆ: ಇಷ್ಟು ಚೀಲ ಆಗಿದೆ, ಎರಡನೇ ಮೋಟರ್ ಹಾಕಬೇಡ, ಇವತ್ತು ಸೋನಾ ಮಸೂರಿ. ಬೆಳಗಿನವನು ಬಂದು ಗಿರಣಿಯನ್ನೆಲ್ಲ ತಪಾಸಣೆ ಮಾಡುವುದಿಲ್ಲ, ಚೀಟಿ ನೋಡಿ ಕೆಲಸ ಶುರು ಮಾಡುತ್ತಾನೆ. ಗೇಮ್ ಯಂತ್ರ ಆನ್ ಆಗುವಾಗಲೂ ಹೀಗೇ ಪಾಳಿ ಬದಲಾಗುತ್ತದೆ. ಮೊದಲು ಚಿಪ್ಪಿನೊಳಗೆ ಅಳಿಸಲಾಗದಂತೆ ಬರೆದ ಪುಟ್ಟ ಪ್ರೋಗ್ರಾಂ ಏಳುತ್ತದೆ, ಅದು ಐಪಿಎಲ್ ಅನ್ನುವ ಎರಡನೆಯದನ್ನು ಎಬ್ಬಿಸುತ್ತದೆ (ಕ್ರಿಕೆಟ್ ಅಲ್ಲ), ಅದು ಕರ್ನಲ್ಲನ್ನು, ಅಂದರೆ ಯಂತ್ರವನ್ನೆಲ್ಲ ನಡೆಸುವ ಮೂಲ ಪ್ರೋಗ್ರಾಂ ಅನ್ನು, ಎಬ್ಬಿಸುತ್ತದೆ. ಒಬ್ಬರಿಂದ ಒಬ್ಬರಿಗೆ ಹೋಗುವ ಆ ಚೀಟಿಯೇ ಬೂಟ್ ಪ್ಯಾರಾಮೀಟರ್. ಚೀಟಿಯಲ್ಲಿ ಹೌದು, ಅಲ್ಲ ಅಂತ ಹಾಕಿದ ಟಿಕ್ ಗುರುತೇ ಫ್ಲ್ಯಾಗ್.

ಈಗ ಬ್ಯಾಟರಿಗೆ ಬರೋಣ. ಪಿಎಸ್‌ಪಿ ಬ್ಯಾಟರಿಯೊಳಗೆ ಒಂದು ಸಣ್ಣ ಮೆಮೊರಿ ಚಿಪ್ ಇದೆ, ಅದರಲ್ಲಿ ನಾಲ್ಕು ಬೈಟಿನ ಸೀರಿಯಲ್ ನಂಬರ್. ಯಂತ್ರದಲ್ಲಿ ಕರೆಂಟು ನೋಡಿಕೊಳ್ಳುವ ಬೇರೆಯೇ ಚಿಪ್ ಒಂದಿದೆ. ಅದು ಆನ್ ಆಗುವ ಮೊದಲು ಈ ನಂಬರನ್ನು ಓದುತ್ತದೆ. ಮಾಮೂಲಿ ನಂಬರ್ ಇದ್ದರೆ ಮಾಮೂಲಿ ದಾರಿ. ಅದರ 32 ಬಿಟ್ಟುಗಳೂ (ಬಿಟ್ ಅಂದರೆ 0 ಅಥವಾ 1) 1 ಆಗಿದ್ದರೆ, ಅಂದರೆ ಎಂಜಿನಿಯರುಗಳು ಬರೆಯುವ ರೀತಿಯಲ್ಲಿ ಎಂಟು ಸಲ ಎಫ್ ಇದ್ದರೆ, ಇದು ಸರ್ವೀಸ್ ಸೆಂಟರಿನವರ ಬ್ಯಾಟರಿ ಅಂತ ತಿಳಿದು ಯಂತ್ರ ಒಳಗಿನ ಫ್ಲ್ಯಾಶ್ (ಕರೆಂಟು ಇಲ್ಲದಿದ್ದರೂ ಅಳಿಯದ ಮೆಮೊರಿ) ಕಡೆ ತಿರುಗಿಯೂ ನೋಡದೆ ಮೆಮೊರಿ ಸ್ಟಿಕ್ಕಿನಿಂದ ಐಪಿಎಲ್ ಓದಲು ಹೋಗುತ್ತದೆ. ಸತ್ತ ಪಿಎಸ್‌ಪಿಯನ್ನು ಬದುಕಿಸಲು ಕಂಪನಿಯವರು ಇಟ್ಟುಕೊಂಡ ಹಿಂಬಾಗಿಲು ಅದು. 2007ರಲ್ಲಿ ಹವ್ಯಾಸಿಗಳು ಅದನ್ನು ಪತ್ತೆ ಮಾಡಿದರು, ಹೆಸರು ಪಂಡೋರಾ ಅಂತ ಬಿತ್ತು. ನಿಮ್ಮ ಮೆಮೊರಿ ಸ್ಟಿಕ್ಕಿನಲ್ಲಿ ಅಂಥ ಐಪಿಎಲ್ ಇಲ್ಲ, ಹಾಗಾಗಿ ಪಾಪ, ಅದು ಬಾರದ ಬಸ್ಸಿಗೆ ಕಾಯುತ್ತಾ ಕಪ್ಪು ಪರದೆ ಇಟ್ಟುಕೊಂಡು ಕೂತಿದೆ. ಬ್ಯಾಟರಿ ಹಾಕಿದ ಕೂಡಲೇ ತಾನೇ ಆನ್ ಆಗುವುದೂ ಇದೇ ಗುಣ. ಚಾರ್ಜರ್ ಮೇಲೆ ಓಡುವುದು ಯಾಕೆ ಅಂದರೆ ಆಗ ಬ್ಯಾಟರಿಯ ನಂಬರೇ ಇಲ್ಲ, ಸುಳ್ಳು ಚೀಟಿ ಕೊಡುವವರೇ ಇಲ್ಲ.

ಪರಿಹಾರ ಎರಡು. ಬೇರೆ ಬ್ಯಾಟರಿ ತಗೊಳ್ಳಿ, ಅದು ಸುಲಭ. ಇಲ್ಲವೇ ಕಸ್ಟಮ್ ಫರ್ಮ್‌ವೇರ್ (ಹವ್ಯಾಸಿಗಳು ಬದಲಾಯಿಸಿದ ಒಳಗಿನ ಸಾಫ್ಟ್‌ವೇರ್) ಹಾಕಿದ ಪಿಎಸ್‌ಪಿ ಇರುವ ಗೆಳೆಯನನ್ನು ಹಿಡಿಯಿರಿ, ಬ್ಯಾಟರಿಗೆ ಮಾಮೂಲಿ ನಂಬರ್ ವಾಪಸ್ ಬರೆಯುವ ಪ್ರೋಗ್ರಾಂಗಳಿವೆ. ಆದರೆ ಕೆಲವರು ಪ್ರೋಗ್ರಾಂ ಬಿಟ್ಟು ಬ್ಯಾಟರಿಯನ್ನೇ ಬಿಚ್ಚಿ ಆ ಚಿಪ್ಪಿನ ಒಂದು ಕಾಲು ಎತ್ತಿಬಿಡುತ್ತಿದ್ದರು. ನಿಮ್ಮದು ಅಂಥದಾದರೆ ನಂಬರ್ ಬರೆದು ಉಪಯೋಗವಿಲ್ಲ. ಹಾಗಂತ ಬಿಚ್ಚಿ ನೋಡಲು ಹೋಗಬೇಡಿ. ಲಿಥಿಯಂ ಬ್ಯಾಟರಿಗೆ ಚಾಕು ತಾಗಿದರೆ ಬೆಂಕಿ. ಆ ಉಬ್ಬಿದ ಹಳೇದನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಮಗಳ ನಿಂಟೆಂಡೊ ಡಿಎಸ್ ಲೈಟ್ ಬ್ಯಾಟರಿ ಪೂರ್ತಿ ಇಳಿದು ತಿಂಗಳುಗಟ್ಟಲೆ ಬಿದ್ದಿತ್ತು. ಚಾರ್ಜ್ ಮಾಡಿದರೆ ದಿನಾಂಕ, ಸಮಯ ಹಾಕಿ ಅನ್ನುತ್ತದೆ. ಅವಳ ಹೆಸರು, ಬಣ್ಣ, ಭಾಷೆ ಎಲ್ಲ ಹಾಗೇ ಇವೆ. ಅಂಗಡಿಯಲ್ಲಿ ಫರ್ಮ್‌ವೇರ್ ಹೊಸದಾಗಿ ಹಾಕಬೇಕು, 1500 ರೂಪಾಯಿ ಅಂತಾರೆ. ಕೊಡಲಾ? (ಗಂಗಾವತಿಯ ಗೃಹಿಣಿ)

ಉತ್ತರ: ಕೊಡಬೇಡಿ ಅಕ್ಕಾ. ಹೆಸರು ಉಳಿದು ದಿನಾಂಕ ಹೋಗಿದೆ ಅನ್ನುವುದೇ ಯಂತ್ರ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿ. ಗಡಿಯಾರ ನಡೆಯಲು ಕರೆಂಟು ಬೇಕು, ಬ್ಯಾಟರಿ ಪೂರ್ತಿ ಸತ್ತರೆ ಅದೂ ನಿಲ್ಲುತ್ತದೆ. ಹೆಸರು ಇರುವುದು ಫ್ಲ್ಯಾಶಿನಲ್ಲಿ, ಅದಕ್ಕೆ ಕರೆಂಟಿನ ಹಂಗಿಲ್ಲ. ದಿನಾಂಕ ಹಾಕಿ, ಆಡಲು ಕೊಡಿ, ಅಷ್ಟೇ.

ಈ ಡಿಎಸ್‌ನ ಫ್ಲ್ಯಾಶ್ ಬರೀ 256 ಕಿಲೋಬೈಟ್, ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋಗೂ ಸಾಲದು. ಅದರ ಕೊನೆಯಲ್ಲಿ ನಿಮ್ಮ ಮಗಳ ಹೆಸರು, ಹುಟ್ಟಿದ ದಿನ, ಬಣ್ಣ, ಪರದೆ ಮುಟ್ಟುವ ಅಳತೆ, ಎಲ್ಲಾ ಇದೆ. ನನಗೆ ಇಷ್ಟವಾಗುವ ವಿಷಯ ಏನೆಂದರೆ ಅದನ್ನು ಎರಡು ಪ್ರತಿ ಇಟ್ಟಿದ್ದಾರೆ. ಪ್ರತಿಯೊಂದಕ್ಕೂ ಒಂದು ಎಣಿಕೆ ನಂಬರ್, ಒಂದು ಚೆಕ್‌ಸಮ್, ಅಂದರೆ ಲೆಕ್ಕ ತಾಳೆ ನೋಡುವ ಅಂಕಿ. ಹೊಸದಾಗಿ ಬರೆಯುವಾಗ ಹಳೇ ಪ್ರತಿಯ ಮೇಲೆ ಬರೆಯುತ್ತದೆ. ಬರೆಯುವಾಗ ಮಧ್ಯೆ ಕರೆಂಟು ಹೋದರೆ ಆ ಪ್ರತಿಯ ಲೆಕ್ಕ ತಾಳೆಯಾಗುವುದಿಲ್ಲ, ಆಗ ಇನ್ನೊಂದನ್ನು ನಂಬುತ್ತದೆ. ನಮ್ಮ ಕಡೆಯ ಕರೆಂಟು ನೋಡಿಯೇ ಮಾಡಿದ ಹಾಗಿದೆ, ಅಲ್ವಾ?

ಅದರಲ್ಲೇ ಎರಡು ಬೈಟಿನ ಫ್ಲ್ಯಾಗ್ ಗುಂಪೂ ಒಂದಿದೆ. ಮೊದಲ ಮೂರು ಬಿಟ್ ಭಾಷೆಗೆ, ಮತ್ತೆರಡು ಪರದೆಯ ಬೆಳಕಿಗೆ, ಇನ್ನೊಂದು "ಸೆಟ್ಟಿಂಗ್ ಕಳೆದಿದೆ, ಮತ್ತೆ ಕೇಳು" ಅನ್ನುವುದಕ್ಕೆ. ಹೆಸರು, ಭಾಷೆ, ಪರದೆ ಅಳತೆ ಮೂರನ್ನೂ ದಿನಾ ಕೇಳತೊಡಗಿದರೆ ಮಾತ್ರ ಫ್ಲ್ಯಾಶಿನ ಮೇಲೆ ಅನುಮಾನ ಪಡಿ. ಆಗ ಮತ್ತೊಂದು ಪತ್ರ ಬರೆಯಿರಿ.

ಪ್ರಶ್ನೆ: ಭಾಷೆಯ ಫ್ಲ್ಯಾಗ್ ಬದಲಾಯಿಸಿ ಡಿಎಸ್‌ನಲ್ಲಿ ಕನ್ನಡ ತರಿಸಬಹುದಾ? (ರಾಯಚೂರು)

ಉತ್ತರ: ಮೇಲೆ ಡಿಎಸ್ ಮಾತೇ ಬಂದದ್ದರಿಂದ ನಿಮ್ಮ ಪತ್ರವನ್ನೂ ಇಲ್ಲೇ ಸೇರಿಸಿದೆ. ಮೂರು ಬಿಟ್ಟಿನಲ್ಲಿ ಎಂಟು ಭಾಷೆಗೆ ಜಾಗ. ಸೊನ್ನೆಯಿಂದ ಐದರವರೆಗೆ ಜಪಾನಿ, ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್. ಉಳಿದ ಎರಡರಲ್ಲಿ ಏನೇ ಇದ್ದರೂ ನಮಗೆ ಏನೂ ಆಗುವುದಿಲ್ಲ. ಫ್ಲ್ಯಾಗ್ ಬರೀ ಆರಿಸುತ್ತದೆ. ಒಳಗೆ ಕನ್ನಡ ಅಕ್ಷರವೂ ಇಲ್ಲ, ಕನ್ನಡ ವಾಕ್ಯವೂ ಇಲ್ಲ. ಹೋಟೆಲ್ ಬೋರ್ಡಿನಲ್ಲಿ ಮಿರ್ಚಿ ಬಜ್ಜಿ ಅಂತ ಬರೆದರೆ ಒಲೆಯ ಮೇಲೆ ಬಾಣಲೆ ಬರುತ್ತದಾ?

ಪ್ರಶ್ನೆ: ಪಿಎಸ್‌ಪಿ ಆದಮೇಲೆ ಬಂದ ಪಿಎಸ್ ವೀಟಾದಲ್ಲಿ ಕ್ಯೂಎ ಫ್ಲ್ಯಾಗ್, ಡಿಪ್ ಸ್ವಿಚ್ ಅಂತ ಇದೆಯಂತೆ. ಅದನ್ನು ಆನ್ ಮಾಡಿದರೆ ನಮ್ಮ ವೀಟಾವೇ ಗೇಮ್ ಮಾಡುವವರ ಡೆವ್‌ಕಿಟ್ ಆಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಮಾಡಲಾ? (ಬಳ್ಳಾರಿ, ಜೀನ್ಸ್ ಯೂನಿಟ್)

ಉತ್ತರ: ನಿಮ್ಮ ಯೂನಿಟ್ಟಿನ ಹೊಲಿಗೆ ಮಷಿನ್ನಿನ ಸರ್ವೋ ಮೋಟರ್ ಪೆಟ್ಟಿಗೆ ನೋಡಿದ್ದೀರಲ್ಲ, ಬಟನ್ ಒತ್ತಿ ನಂಬರ್ ಬದಲಾಯಿಸಿದರೆ ಸ್ಪೀಡ್, ಸೂಜಿ ನಿಲ್ಲುವ ಜಾಗ ಬದಲಾಗುತ್ತದೆ. ಆದರೆ ಯಾವ ನಂಬರ್ ಹಾಕಿದರೂ ಒಂದು ಸೂಜಿಯ ಮಷಿನ್ ಎರಡು ಸೂಜಿಯದಾಗುವುದಿಲ್ಲ. ಇದೂ ಅಷ್ಟೇ.

ವೀಟಾದಲ್ಲಿ ಕರ್ನಲ್ ಏಳುವಾಗ ಅದಕ್ಕೆ ಒಂದು ಪುಟ್ಟ ದಾಖಲೆ ಸಿಗುತ್ತದೆ. ಈಗಿನ ಫರ್ಮ್‌ವೇರ್ ವರ್ಷನ್, ಫ್ಯಾಕ್ಟರಿಯಿಂದ ಬಂದಾಗಿನ ವರ್ಷನ್, ಮೆಮೊರಿ ಎಲ್ಲಿಂದ ಶುರು, ಎಷ್ಟಿದೆ, ಯಾವ ಕಾರಣಕ್ಕೆ ಎಚ್ಚರವಾಯಿತು, ಜೊತೆಗೆ ನಿಮ್ಮ ಗೆಳೆಯ ಹೇಳಿದ ಫ್ಲ್ಯಾಗ್‌ಗಳೂ (ಕ್ಯೂಎ ಅಂದರೆ ಗುಣಮಟ್ಟ ಪರೀಕ್ಷೆ). ಡಿಪ್ ಸ್ವಿಚ್ ಅಂದರೆ ಮೊದಲು ಬೋರ್ಡಿನ ಮೇಲೆ ಕಡ್ಡಿಯಿಂದ ಸರಿಸುವ ನಿಜವಾದ ಸ್ವಿಚ್, ಇಲ್ಲಿ ಹೆಸರು ಮಾತ್ರ ಉಳಿದಿದೆ, ಒಳಗೆ ಬರೀ ಬಿಟ್ಟುಗಳು. ಅಂಗಡಿಯಲ್ಲಿ ಮಾರಿದ ವೀಟಾದ ಮುಖ್ಯ ಮೆಮೊರಿ 512 ಎಂಬಿ, ಫ್ಲ್ಯಾಗ್ ಹಾಕಿದರೆ ಅದು ಬೆಳೆಯುವುದಿಲ್ಲ. ಮೇಲಾಗಿ ಈ ದಾಖಲೆಯನ್ನು ಸಿದ್ಧ ಮಾಡುವುದು ಮುಖ್ಯ ಪ್ರೊಸೆಸರ್ ಏಳುವ ಮೊದಲಿನ ಹಂತಗಳು, ಮತ್ತು ಆ ಹಂತಗಳಿಗೆ ಕೈ ಹಾಕಿ ಬೂಟ್ ಜಾಗದಲ್ಲಿ ಏನಾದರೂ ತಪ್ಪು ಬರೆದರೆ ಲೋಗೋ ಕೂಡ ಕಾಣಿಸುವುದಿಲ್ಲ. ಪಂಡೋರಾ ಬ್ಯಾಟರಿಯ ಉಪಾಯ ಇಲ್ಲಿ ನಡೆಯುವುದಿಲ್ಲ, ವೀಟಾದ ಬ್ಯಾಟರಿಯನ್ನು ಹಾಗೆ ಬೆರಳಲ್ಲಿ ತೆಗೆಯಲೂ ಆಗುವುದಿಲ್ಲ. ಕುತೂಹಲ ಇದ್ದರೆ ಓದಿ ತಿಳಿಯಿರಿ, ಬರೆಯಲು ಹೋಗಬೇಡಿ.

ಈಗಾಗಲೇ ಏನೋ ಮಾಡಿ ಮೆನು ತಡವರಿಸುತ್ತಿದ್ದರೆ ಪೂರ್ತಿ ಆಫ್ ಮಾಡಿ, ಆರ್ ಬಟನ್, ಪಿಎಸ್ ಬಟನ್, ಪವರ್ ಬಟನ್ ಮೂರನ್ನೂ ಐದು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಿರಿ. ಸೇಫ್ ಮೋಡ್ ಬರುತ್ತದೆ. ಮೊದಲು ರೀಸ್ಟಾರ್ಟ್, ಆಗದಿದ್ದರೆ ಡೇಟಾಬೇಸ್ ರೀಬಿಲ್ಡ್. ಫಾರ್ಮ್ಯಾಟ್ ಅಂತ ಬರೆದದ್ದನ್ನು ಒತ್ತಿದರೆ ಮೆಮೊರಿ ಕಾರ್ಡಿನಲ್ಲಿ ಇದ್ದದ್ದೆಲ್ಲ ಅಳಿಸುತ್ತದೆ, ಆಮೇಲೆ ನನಗೆ ಬೈಯಬೇಡಿ.

ಪ್ರಶ್ನೆ: ಡಿಎಸ್ ಆನ್ ಮಾಡಿದರೆ ಮೆನು ಬಾರದೆ ನೇರ ಆಟಕ್ಕೇ ಹೋಗುತ್ತದೆ, ಸೆಟ್ಟಿಂಗಿಗೆ ಹೋಗೋದು ಹೇಗೆ? (ಕೊಪ್ಪಳ)

ಉತ್ತರ: ಆಟದ ಕಾರ್ಡ್ ಹೊರಗೆ ತೆಗೆದು ಆನ್ ಮಾಡಿ, ಮೆನು ಬರುತ್ತದೆ. ಸೆಟ್ಟಿಂಗಿನಲ್ಲಿ ಸ್ಟಾರ್ಟ್-ಅಪ್ ಅನ್ನು ಮ್ಯಾನುಯಲ್ ಮಾಡಿ. ಅದೂ ಅದೇ ಎರಡು ಬೈಟಿನೊಳಗಿನ ಒಂದು ಬಿಟ್.